ಶೆಲ್ ಇಲ್ಲದ ರೇಡಿಯೊಗೆ ನಿಮ್ಮ ಕೈಲಾದ ನೆರವು ಬೇಕು

ಆತ್ಮೀಯ ಹಳೆ ವಿದ್ಯಾರ್ಥಿಗಳೇ, ಊರಿನ ಹಿರಿಯರೇ,

ಹೋದ ವರ್ಷ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮಕ್ಕಳ ಕೈಲಿ ಖಾಲಿ ಬಾಟಲಿಗೆ ತಾಮ್ರದ ತಂತಿ ಸುತ್ತಿಸಿದರು. ಒಂದು ಡಯೋಡ್ ಸೇರಿಸಿ, ಏರಿಯಲ್ ತಂತಿಯನ್ನು ಹೊರಗಿನ ತೆಂಗಿನ ಮರಕ್ಕೆ ಕಟ್ಟಿಸಿದರು. ಇಯರ್‌ಫೋನ್ ಕಿವಿಗಿಟ್ಟ ಹುಡುಗಿ ಕೂಗಿದಳು: "ಸರ್, ಶೆಲ್ಲೇ ಹಾಕಿಲ್ಲ, ಹೆಂಗೆ ಮಾತಾಡ್ತಿದೆ ಇದು?" ಇದ್ದದ್ದು ಒಂದೇ ಇಯರ್‌ಫೋನ್. ಮಕ್ಕಳು 60. ಅರ್ಧ ಮಕ್ಕಳ ಸರದಿ ಬರುವ ಮೊದಲೇ ಬೆಲ್ ಹೊಡೆಯಿತು.

ವಿಮಾನದ ಬ್ಲ್ಯಾಕ್ ಬಾಕ್ಸ್ ಕಂಡುಹಿಡಿದ ಆಸ್ಟ್ರೇಲಿಯಾದ ಡೇವಿಡ್ ವಾರನ್‌ಗೂ ಚಿಕ್ಕಂದಿನಲ್ಲಿ ಇಂಥದ್ದೇ ಕ್ರಿಸ್ಟಲ್ ರೇಡಿಯೊ ಸಿಕ್ಕಿತ್ತು. ಅಪ್ಪ ಕೊಟ್ಟ ಕೊನೆಯ ಉಡುಗೊರೆ ಅದು. 1934ರ ಅಕ್ಟೋಬರ್‌ನಲ್ಲಿ ಅಪ್ಪ ಹತ್ತಿದ್ದ 'ಮಿಸ್ ಹೋಬಾರ್ಟ್' ವಿಮಾನ ಆಸ್ಟ್ರೇಲಿಯಾದ ದಕ್ಷಿಣದ ಬಾಸ್ ಜಲಸಂಧಿಯ ಮೇಲೆ ಕಾಣೆಯಾಯಿತು. ಏನಾಯಿತು ಅಂತ ಹೇಳಲು ಯಾರೂ ಉಳಿಯಲಿಲ್ಲ. ಹುಡುಗನಿಗೆ ಆಗ 9 ವರ್ಷ. ಹಾಸ್ಟೆಲಿನಲ್ಲಿ ಆ ರೇಡಿಯೊ ಕೇಳುತ್ತಾ, ಆಮೇಲೆ ತಾನೇ ರೇಡಿಯೊ ಮಾಡಿ ಗೆಳೆಯರಿಗೆ ಮಾರುತ್ತಾ ಬೆಳೆದ.

ಮುಂದೆ ಮೆಲ್ಬರ್ನ್‌ನ ವಿಮಾನ ಸಂಶೋಧನಾ ಪ್ರಯೋಗಾಲಯ ಸೇರಿದರು. 1953-54ರಲ್ಲಿ ಕಾಮೆಟ್ ಅನ್ನೋ ಪ್ರಯಾಣಿಕರ ಜೆಟ್ ವಿಮಾನಗಳು ಒಂದರ ಹಿಂದೊಂದು ಬಿದ್ದವು. ಒಂದು ಬಿದ್ದದ್ದು ನಮ್ಮ ಕಲ್ಕತ್ತಾದ ಹತ್ತಿರ. ಆ ಬಗ್ಗೆ ಚರ್ಚೆ ನಡೆಯುವಾಗ, ಪ್ರದರ್ಶನವೊಂದರಲ್ಲಿ ನೋಡಿದ್ದ ಪುಟ್ಟ ರೆಕಾರ್ಡರ್ ವಾರನ್‌ಗೆ ನೆನಪಾಯಿತು. ಪೈಲಟ್‌ಗಳ ಮಾತನ್ನು ಹೀಗೇ ಹಿಡಿದಿಟ್ಟರೆ? ಕೆಲವೇ ವರ್ಷದಲ್ಲಿ ಮಾದರಿ ತಯಾರಾಯಿತು. ಉಕ್ಕಿನ ತಂತಿಯ ಮೇಲೆ 4 ಗಂಟೆಯ ಮಾತು, ಜೊತೆಗೆ ವಿಮಾನದ 8 ಉಪಕರಣಗಳ ರೀಡಿಂಗ್. ಅವರ ದೇಶದಲ್ಲೇ ಅದು ಯಾರಿಗೂ ಬೇಡವಾಯಿತು. ಪೈಲಟ್‌ಗಳಂತೂ ಪಕ್ಕದಲ್ಲಿ ಗೂಢಚಾರನನ್ನು ಕೂರಿಸಿದ ಹಾಗೆ ಅಂದರು. ಮೊದಲು ಬೆಲೆ ಕೊಟ್ಟವರು ಇಂಗ್ಲೆಂಡಿನವರು. 1960ರಲ್ಲಿ ಕ್ವೀನ್ಸ್‌ಲ್ಯಾಂಡಿನ ಮೆಕಾಯ್ ಬಳಿ ವಿಮಾನ ಬಿದ್ದು 29 ಜನ ಸತ್ತ ಮೇಲೆ ಆಸ್ಟ್ರೇಲಿಯಾಕ್ಕೂ ಎಚ್ಚರವಾಯಿತು.

ಅದೇ ಬ್ಲ್ಯಾಕ್ ಬಾಕ್ಸ್. ಹೆಸರಿಗಷ್ಟೇ ಕಪ್ಪು, ಬಣ್ಣ ಕಿತ್ತಳೆ! 2010ರ ಮೇನಲ್ಲಿ ಮಂಗಳೂರಿನ ದುರಂತದಲ್ಲಿ 158 ಜನ ಹೋದರಲ್ಲ, ಆಗ ಟಿವಿ ಮುಂದೆ ಕೂತು 'ಬ್ಲ್ಯಾಕ್ ಬಾಕ್ಸ್ ಸಿಕ್ತಾ?' ಅಂತ ಕಾದವರು ನಾವೇ ಅಲ್ವಾ? ಕ್ಯಾಪ್ಟನ್ ದಾರಿಯಲ್ಲಿ ನಿದ್ದೆ ಹೋಗಿದ್ದು, ಇಳಿಸಬೇಡಿ, ಮತ್ತೆ ಮೇಲೇರಿ ಅಂತ ಸಹ ಪೈಲಟ್ ಹೇಳಿದ್ದು, ಎರಡೂ ಗೊತ್ತಾದದ್ದು ಅದರಿಂದಲೇ. ಆ ವರ್ಷದ ಜುಲೈನಲ್ಲಿ ವಾರನ್ ತೀರಿಕೊಂಡರು. 85 ವರ್ಷ.

ಈಗ ನಮ್ಮ ಬೇಡಿಕೆಗೆ ಬರೋಣ. ಇಬ್ಬರಿಗೊಂದರಂತೆ 30 ರೇಡಿಯೊ ಕಿಟ್‌ಗೆ 12,000 ರೂಪಾಯಿ. ಎರಡು ಗಟ್ಟಿ ಮೇಜಿಗೆ 16,000. ಸೋಲ್ಡರಿಂಗ್ ಸಾಮಾನು, ಮಲ್ಟಿಮೀಟರ್‌ಗಳಿಗೆ 10,000. ಒಟ್ಟು 38,000. ಒಂದು ಕಿಟ್‌ಗೆ 400 ರೂಪಾಯಿ ಕೊಟ್ಟರೂ ಸಂತೋಷ. ಹಣವನ್ನು ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಖಾತೆಗೇ ಹಾಕಿ, ಆಫೀಸಿನಲ್ಲಿ ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ.

ಅಟ್ಟದ ಮೇಲೆ ಕೆಟ್ಟುಹೋದ ರೇಡಿಯೊ, ಟೇಪ್ ರೆಕಾರ್ಡರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಮಗೆ ಕೊಡಿ, ಮಕ್ಕಳು ಬಿಚ್ಚಿ ನೋಡುತ್ತಾರೆ. ಇಯರ್‌ಫೋನ್ ಇದ್ದರೆ ಅದನ್ನು ಮೊದಲು ಕಳಿಸಿ.

ಇಂತಿ,
ಹಳೆ ವಿದ್ಯಾರ್ಥಿಗಳ ಸಂಘ