ಸಂಡೇ ಸ್ಕೂಲಿನಲ್ಲಿ ಮಕ್ಕಳ ಪ್ರಶ್ನೆಗೂ ಸಮಯವಿರಲಿ

ಸಂಪಾದಕರಿಗೆ,

ಮಾನ್ಯರೇ,

ಹದಿನೇಳು ವರ್ಷಗಳಿಂದ ಕ್ರೈಸ್ತ ಸಭೆಯ ಸಂಡೇ ಸ್ಕೂಲಿನಲ್ಲಿ, ಅಂದರೆ ಮಕ್ಕಳಿಗಾಗಿ ಭಾನುವಾರ ನಡೆಯುವ ಧಾರ್ಮಿಕ ತರಗತಿಯಲ್ಲಿ, ಕಲಿಸುತ್ತಿರುವ ನಾನು, ಸಭೆಗಳ ಹಿರಿಯರೂ ಹೆತ್ತವರೂ ಒಟ್ಟಿಗೆ ಕುಳಿತು ಯೋಚಿಸಬೇಕಾದ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡಲು ಬಯಸುತ್ತೇನೆ. ನಂಬಿಕೆಯ ಬಗ್ಗೆ ಮಕ್ಕಳು ತಾವಾಗಿ ಕೇಳುವ ಪ್ರಶ್ನೆಗಳಿಗೆ ನಮ್ಮ ತರಗತಿಗಳಲ್ಲಿ ಸಮಯವೇ ಇಲ್ಲದಂತಾಗಿದೆ ಎಂಬುದೇ ಆ ವಿಷಯ.

ಕೆಲವು ವರ್ಷಗಳ ಹಿಂದಿನ ಮಾತು. ತರಗತಿ ಮುಗಿದು ಉಳಿದ ಮಕ್ಕಳೆಲ್ಲ ಹೊರಗೋಡಿದ ಮೇಲೂ ಎಂಟು ವರ್ಷದ ಹುಡುಗನೊಬ್ಬ ಬೆಂಚಿನ ಮೇಲೆಯೇ ಕುಳಿತಿದ್ದ. ಹಿಂದಿನ ತಿಂಗಳು ಅವನ ಅಜ್ಜ ತೀರಿಕೊಂಡಿದ್ದರು. ಅವರು ಆಸ್ಪತ್ರೆಯಲ್ಲಿದ್ದ ಅಷ್ಟೂ ವಾರ ನಾವು ತರಗತಿಯಲ್ಲಿ ಅವರಿಗಾಗಿ ಪ್ರಾರ್ಥಿಸಿದ್ದೆವು. ಬೇಡಿಕೊಂಡರೆ ದೇವರು ಕೊಡುತ್ತಾನೆ ಎಂದು ಹೇಳಿಕೊಟ್ಟವಳೂ ನಾನೇ. “ಟೀಚರ್, ನಾನು ಪ್ರಾರ್ಥನೆ ಸರಿಯಾಗಿ ಮಾಡಲಿಲ್ವಾ?” ಎಂದು ಕೇಳಿದ. ಏನು ಹೇಳಬೇಕೆಂದು ತೋಚದೆ, “ಹಾಗಲ್ಲಪ್ಪ, ದೇವರಿಗೆ ಅಜ್ಜ ಬೇಕಾಗಿದ್ದರು, ಅದಕ್ಕೇ ಕರೆದುಕೊಂಡ” ಎಂದುಬಿಟ್ಟೆ. “ನನಗೂ ಬೇಕಾಗಿದ್ರು” ಎಂದಷ್ಟೇ ಹೇಳಿ ಅವನು ಚೀಲ ಹೆಗಲಿಗೇರಿಸಿಕೊಂಡು ಹೋದ. ಅವನ ಅಜ್ಜನನ್ನು ಕಿತ್ತುಕೊಂಡವನು ದೇವರೇ ಎಂದು ನಾನೇ ಆ ಮಗುವಿಗೆ ಹೇಳಿದಂತಾಯಿತಲ್ಲ ಎಂದು ಹೊಳೆದಾಗ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಂಥ ತಪ್ಪು ಅಸಡ್ಡೆಯಿಂದಲೇ ಆಗುತ್ತದೆ ಎನ್ನಲಾರೆ. ಹಾಜರಿ, ಹಾಡು, ಕಂಠಪಾಠದ ವಚನ, ಪಾಠ, ಕಾಣಿಕೆ, ಬಣ್ಣ ಹಚ್ಚುವ ಹಾಳೆ ಇವೆಲ್ಲವೂ ಒಂದು ಗಂಟೆಯೊಳಗೆ ಮುಗಿಯಬೇಕು. ಕ್ರಿಸ್ಮಸ್ ಹತ್ತಿರ ಬಂತೆಂದರೆ ಆ ಗಂಟೆಯೂ ನಾಟಕದ ತಾಲೀಮಿಗೆ ಹೋಗುತ್ತದೆ. ಅನೇಕ ಕಡೆ ನಾಲ್ಕು ವರ್ಷದ ಮಗುವೂ ಹನ್ನೆರಡು ವರ್ಷದ ಹುಡುಗಿಯೂ ಒಂದೇ ಕೋಣೆಯಲ್ಲಿರುತ್ತಾರೆ. ಮಕ್ಕಳು ಸುಮಾರು 11 ವರ್ಷದವರೆಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳನ್ನು ಆಧರಿಸಿಯೇ ಹೆಚ್ಚಾಗಿ ಯೋಚಿಸುತ್ತಾರೆಂದು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರಿಸಿ ದಶಕಗಳೇ ಕಳೆದಿದ್ದರೂ, ನಾವು ಇಂದಿಗೂ ಐದು ವರ್ಷದ ಮಗುವಿಗೆ “ಯೇಸು ನಿನ್ನ ಹೃದಯದೊಳಗೆ ವಾಸಿಸುತ್ತಾನೆ” ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಹಾಗೆ ಹೇಳಿದ ದಿನ ಒಬ್ಬ ಪುಟ್ಟ ಹುಡುಗಿ, ತಾನು ನೀರು ಕುಡಿದರೆ ಯೇಸು ಒದ್ದೆಯಾಗುತ್ತಾನೆಯೇ ಎಂದು ಬಹಳ ಚಿಂತೆಯಿಂದ ಕೇಳಿದ್ದಳು. ಸುತ್ತಲಿನ ದೊಡ್ಡವರು ನಕ್ಕರು. ಅವಳು ಅಂದಿನಿಂದ ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು.

ದೊಡ್ಡ ಮಕ್ಕಳ ಪ್ರಶ್ನೆಗಳು ಬೇರೆ. ಜಲಪ್ರಳಯದಲ್ಲಿ ನೋಹನ ನಾವೆಯ ಹೊರಗುಳಿದ ಮಕ್ಕಳ ಗತಿ ಏನಾಯಿತು, ತಂದೆ ಅಬ್ರಹಾಮನು ಬಲಿಕೊಡಲೆಂದು ಕಟ್ಟಿಗೆಯ ಮೇಲೆ ಮಲಗಿಸಿದಾಗ ಇಸಾಕನಿಗೆ ಭಯವಾಗಲಿಲ್ಲವೇ ಎಂದು ಕೇಳುವವರಿಗೆ “ಹಾಗೆಲ್ಲ ಕೇಳಬಾರದು” ಎಂಬ ಉತ್ತರ ಸಿಗುತ್ತದೆ. ದೃಢೀಕರಣದ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಯ) ಹೊತ್ತಿಗೆ ಇದೇ ಮಕ್ಕಳು ಎಲ್ಲ ಪ್ರಶ್ನೆಗಳಿಗೂ ತಪ್ಪಿಲ್ಲದೆ ಉತ್ತರ ಹೇಳಿ, ಆಮೇಲೆ ಮೆಲ್ಲಗೆ ಬರುವುದನ್ನು ನಿಲ್ಲಿಸುತ್ತಾರೆ. ಅನುಮಾನ ಹುಟ್ಟಿದ್ದರಿಂದ ದೂರವಾದರು ಎಂದು ನಾವು ಕೊರಗುತ್ತೇವೆ. ಆ ಅನುಮಾನವನ್ನು ಹೇಳಿಕೊಳ್ಳಲು ನಮ್ಮಲ್ಲಿ ಯಾರೂ ಸಿಗದೆ ಹೋದದ್ದರಿಂದಲೇ ಅವರಲ್ಲಿ ಬಹಳ ಮಂದಿ ದೂರವಾದರೆಂಬುದು ನನ್ನ ದೃಢವಾದ ಅನಿಸಿಕೆ.

ಸತ್ಯವೇದವು (ಬೈಬಲ್) ಮಕ್ಕಳ ಪ್ರಶ್ನೆಗೆ ಹೆದರುವುದಿಲ್ಲ. ಐಗುಪ್ತದ ದಾಸತ್ವದಿಂದ ಇಸ್ರಾಯೇಲ್ಯರಿಗಾದ ಬಿಡುಗಡೆಯನ್ನು ನೆನೆಯುವ ಪಸ್ಕದ ಆಚರಣೆಯ ಅರ್ಥವನ್ನು ಮಕ್ಕಳು ಕೇಳುತ್ತಾರೆ, ಆಗ ತಿಳಿಸಿಹೇಳಿರಿ ಎಂದು ವಿಮೋಚನಕಾಂಡದ 12ನೆಯ ಅಧ್ಯಾಯ ಹೇಳುತ್ತದೆ. ಇಸ್ರಾಯೇಲ್ಯರು ಯೊರ್ದನ್ ನದಿಯಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದದ್ದೇ, ಮುಂದೆ ಮಕ್ಕಳು ಅವನ್ನು ನೋಡಿ ಇವೇನೆಂದು ಕೇಳಲಿ ಎಂದು. ಹನ್ನೆರಡನೆಯ ವಯಸ್ಸಿನಲ್ಲಿ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತಾ ಪ್ರಶ್ನಿಸುತ್ತಾ ಇದ್ದನೆಂದು ಲೂಕನು ಬರೆದಿದ್ದಾನೆ. ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಕಿರಿಯ ಉಪದೇಶ ಪುಸ್ತಕದಲ್ಲಿ ಪ್ರತಿಯೊಂದು ಆಜ್ಞೆಯ ಬಳಿಯೂ “ಇದರ ಅರ್ಥವೇನು?” ಎಂಬ ಪ್ರಶ್ನೆ ಬರುತ್ತದೆ, ಮನೆಯ ಯಜಮಾನನು ಮನೆಯವರಿಗೆ ಕಲಿಸಬೇಕೆಂದು ಬರೆದ ಪುಸ್ತಕವದು. ಅಂತಹದ್ದನ್ನೂ ನಾವು ಕೇವಲ ಕಂಠಪಾಠಕ್ಕೆ ಇಳಿಸಿದೆವು. ಕಂಠಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಬಾಲ್ಯದಲ್ಲಿ ಕಲಿತ 23ನೆಯ ಕೀರ್ತನೆಯೇ ಮರಣಶಯ್ಯೆಯಲ್ಲಿದ್ದವರ ತುಟಿಯ ಮೇಲೆ ಉಳಿದಿದ್ದನ್ನು ನಾನು ಕಂಡಿದ್ದೇನೆ. ಆದರೆ “ಎಷ್ಟರವರೆಗೆ ನನ್ನನ್ನು ಮರೆತಿರುವೆ” ಎಂದು ದೇವರನ್ನೇ ಕೇಳುವ 13ನೆಯ ಕೀರ್ತನೆಯನ್ನು ನಾವು ಮಕ್ಕಳಿಗೆ ಯಾವಾಗಲಾದರೂ ಓದಿ ಹೇಳಿದ್ದುಂಟೇ? ಅಜ್ಜನನ್ನು ಕಳೆದುಕೊಂಡ ಆ ಹುಡುಗನ ಜೊತೆ ಕುಳಿತು, “ನನಗೂ ಗೊತ್ತಿಲ್ಲ ಮಗು, ಅಂದು ನಾನು ಹೇಳಿದ್ದು ಸರಿಯಿರಲಿಲ್ಲ” ಎಂದು ಒಪ್ಪಿಕೊಂಡು, ಆ ಕೀರ್ತನೆಯನ್ನು ಓದಲು ನಾನು ಎರಡು ತಿಂಗಳು ತೆಗೆದುಕೊಂಡೆ. ಹೀಗೂ ಪ್ರಾರ್ಥನೆ ಮಾಡಬಹುದಾ ಎಂದು ಅವನು ಕೇಳಿದ.

ಇಂಗ್ಲೆಂಡಿನ ಗ್ಲಾಸ್ಟರ್ ನಗರದಲ್ಲಿ 1780ರಲ್ಲಿ ಸಂಡೇ ಸ್ಕೂಲ್ ಆರಂಭಿಸಿದ ರಾಬರ್ಟ್ ರೇಕ್ಸ್ ಸ್ವತಃ ಪತ್ರಿಕೆಯೊಂದರ ಸಂಪಾದಕರಾಗಿದ್ದರು. ವಾರವೆಲ್ಲ ದುಡಿಯುತ್ತಿದ್ದ ಬಡಮಕ್ಕಳಿಗೆ ಅಕ್ಷರ ಕಲಿಸಲು ಅವರಿಗೆ ಸಿಕ್ಕಿದ್ದು ಭಾನುವಾರ ಮಾತ್ರ. ನಮಗೆ ಅಂತಹ ಅನಿವಾರ್ಯವಿಲ್ಲ. ಕುಳಿತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳೊಂದಿಗೆ ಮಾತನಾಡಬೇಕೆಂದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಹೆತ್ತವರಿಗೆ ಹೇಳಿರುವಾಗ, ವಾರದ 168 ಗಂಟೆಗಳಲ್ಲಿ ಒಂದನ್ನು ನಮಗೆ ಒಪ್ಪಿಸಿ ಉಳಿದವುಗಳಲ್ಲಿ ಮೌನವಾಗಿರುವುದು ನ್ಯಾಯವಲ್ಲ.

ಸಭಾಪಾಲಕರಲ್ಲಿ ಮತ್ತು ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಬಿಡುವಿರುವ ಯಾರನ್ನಾದರೂ ಶಿಕ್ಷಕರನ್ನಾಗಿ ಕೂರಿಸಿ ವರ್ಷಕ್ಕೊಮ್ಮೆ ಬದಲಾಯಿಸುವುದನ್ನು ಬಿಟ್ಟು, ತರಬೇತಿ ಪಡೆದ ಒಬ್ಬರನ್ನೇ ಅದೇ ಮಕ್ಕಳೊಂದಿಗೆ ಕನಿಷ್ಠ ಮೂರು ವರ್ಷ ಇರಗೊಡಿ. ನೋವಿನ ಪ್ರಶ್ನೆಯನ್ನು ಮಕ್ಕಳು ಪರಿಚಯವಿಲ್ಲದವರ ಬಳಿ ಕೇಳುವುದಿಲ್ಲ. ಆಯಾ ವಾರದ ಪಾಠ ಯಾವುದೆಂದು ಹೆತ್ತವರಿಗೆ ಮೊದಲೇ ತಿಳಿಸಿ. ತರಗತಿಯ ಕೊನೆಯ ಹದಿನೈದು ನಿಮಿಷವನ್ನು ಮಕ್ಕಳ ಪ್ರಶ್ನೆಗಳಿಗೆಂದೇ ಬಿಡಿ. ಅದಕ್ಕಾಗಿ ಬಣ್ಣದ ಹಾಳೆಯನ್ನು ಮನೆಗೆ ಕಳಿಸಬೇಕಾಗಿ ಬಂದರೂ ಪರವಾಗಿಲ್ಲ.

ಇಂತಿ,
ಸಂಡೇ ಸ್ಕೂಲ್ ಶಿಕ್ಷಕಿ