ದೂರದಲ್ಲಿರುವ ಕುದುರೆಮರಿ ಮಾಲೀಕರಿಗೆ: ಮುಂದಿನ ತಿಂಗಳಿಂದ ಎರಡು ಬದಲಾವಣೆ

ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಲಾಯದಲ್ಲಿ ಎರಡು ವಿಷಯ ಬದಲಾಗುತ್ತವೆ. 4 ವರ್ಷ ತುಂಬದ ಕುದುರೆಗಳ ತಿಂಗಳ ಶುಲ್ಕ ದೊಡ್ಡ ಕುದುರೆಗಳದ್ದಕ್ಕಿಂತ ಜಾಸ್ತಿ ಆಗುತ್ತದೆ. ಜೊತೆಗೆ, ದೂರದ ಊರಲ್ಲಿರುವ ಮಾಲೀಕರೆಲ್ಲ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಬೇಕು. ನೀವು ಫೋನಿಗೆ ಸಿಗದಿದ್ದರೂ ಡಾಕ್ಟರನ್ನು ಕರೆಸಿ ಚಿಕಿತ್ಸೆ ಶುರು ಮಾಡಿಸಲು ನಮಗೆ ಅಧಿಕಾರ ಕೊಡುವ ಪತ್ರ ಅದು.

ಪತ್ರದ ವಿಷಯ ಮೊದಲು ಹೇಳಿಬಿಡುತ್ತೇವೆ. ಎರಡು ತಿಂಗಳ ಹಿಂದಿನ ಆ ರಾತ್ರಿ ಏನಾಯಿತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ. ಎರಡು ವರ್ಷದ ಮರಿಗೆ ಹೊಟ್ಟೆನೋವು. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು, ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು, ಮಲಗಿ ಎದ್ದು ಮತ್ತೆ ಮಲಗುತ್ತಿತ್ತು. ಸಂಜೆಯಿಂದ ಲದ್ದಿ ಹಾಕಿರಲಿಲ್ಲ. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಬೆಳಗಿನ ತನಕ ನೋಡೋಣ ಅನ್ನುವ ಕಾಯಿಲೆ ಅದಲ್ಲ. ನಾವು ಮಾಲೀಕರಿಗೆ ಫೋನ್ ಮಾಡುತ್ತಲೇ ಇದ್ದೆವು. ನಡುರಾತ್ರಿ ಅವರು ನಿದ್ದೆಯಲ್ಲಿದ್ದರು, ಅದು ಅವರ ತಪ್ಪಲ್ಲ. ಒಪ್ಪಿಗೆ ಇಲ್ಲದೆ ಡಾಕ್ಟರನ್ನು ಹೇಗೆ ಕರೆಯೋದು ಅಂತ ಹಿಂದೆಮುಂದೆ ನೋಡಿದ್ದು ನಮ್ಮ ತಪ್ಪು. 40 ನಿಮಿಷ ಹೋಯಿತು. ಮರಿ ಉಳಿಯಿತು. ಆದರೂ ಆ 40 ನಿಮಿಷಕ್ಕೆ ಆ ಮನೆಯವರ ಕ್ಷಮೆ ಆಗಲೇ ಕೇಳಿದ್ದೇವೆ, ಈಗ ನಿಮ್ಮೆಲ್ಲರ ಮುಂದೆ ಮತ್ತೆ ಕೇಳುತ್ತೇವೆ.

ಪತ್ರದಲ್ಲಿ ಮೂರು ವಿಷಯ ತುಂಬಿದರೆ ಸಾಕು. ನಿಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದು, ಆಪರೇಷನ್ ಬೇಕಾದರೆ ಒಪ್ಪಿಗೆ ಇದೆಯೋ ಇಲ್ಲವೋ, ನೀವು ಸಿಗದಿದ್ದರೆ ನಿಮ್ಮ ಪರವಾಗಿ ಮಾತಾಡುವವರ ನಂಬರ್.

ಇನ್ನು ಶುಲ್ಕ. "ಮರಿ ಅಲ್ವಾ, ತಿನ್ನೋದೇ ಕಡಿಮೆ, ಯಾಕೆ ಜಾಸ್ತಿ?" ಅಂತ ಈಗಾಗಲೇ ಕೆಲವರು ಕೇಳಿದ್ದಾರೆ. 300 ಕೆಜಿ ತೂಗುವ ಬೆಳೆಯುವ ಮರಿಗೆ ದಿನಕ್ಕೆ 6-7 ಕೆಜಿ ಒಣ ಮೇವು ಬೇಕು. ಅದೂ ಇರಲಿ, ನಿಜವಾದ ಖರ್ಚು ಮೇವಿನದ್ದಲ್ಲ, ಕೈಕೆಲಸದ್ದು. ದೊಡ್ಡ ಕುದುರೆಯ ಕಾಲು ಎತ್ತಿ ಗೊರಸು ಕೆರೆಯಲು ಒಬ್ಬರು ಸಾಕು, ಐದು ನಿಮಿಷದ ಕೆಲಸ. ಮರಿಗೆ ಇಬ್ಬರು ಬೇಕು. ಒಬ್ಬರು ತಲೆಯ ಹತ್ತಿರ ಹಗ್ಗ ಹಿಡಿದು ನಿಲ್ಲುತ್ತಾರೆ. ಇನ್ನೊಬ್ಬರು ಹೆಗಲಿಂದ ಕೆಳಗೆ ಕೈ ಸವರಿಕೊಂಡು ಹೋಗಿ ಕಾಲು ಎತ್ತುತ್ತಾರೆ. ಮರಿ ಎಳೆದುಕೊಳ್ಳುತ್ತದೆ. ಎಳೆದಾಗ ಬಿಟ್ಟರೆ ಅದೇ ಪಾಠ ಆಗಿಬಿಡುತ್ತದೆ. ಅದಕ್ಕೆ ಅದು ಒಂದು ಕ್ಷಣ ಸುಮ್ಮನಾಗುವ ತನಕ ಹಿಡಿದಿದ್ದು, ಆಮೇಲೆ ಮೆತ್ತಗೆ ಕೆಳಗಿಡುತ್ತೇವೆ. ನಾಲ್ಕೂ ಕಾಲಿಗೆ, ದಿನಾ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಲು ಬರುವವರ ಮುಂದೆ ನಿಮ್ಮ ಮರಿ ಅಲ್ಲಾಡದೆ ನಿಲ್ಲುತ್ತದಲ್ಲ, ಅದು ಹೀಗೆ ಬಂದದ್ದು. ಇಷ್ಟು ವರ್ಷ ಇದಕ್ಕೆ ನಾವು ಬೇರೆ ಲೆಕ್ಕ ಹಾಕಿರಲಿಲ್ಲ. ಈಗ ಹಾಕದೆ ನಡೆಯುತ್ತಿಲ್ಲ.

ಗೊರಸಿನವರ ಬಿಲ್ಲು, ಡಾಕ್ಟರ ಬಿಲ್ಲು, ಲದ್ದಿ ಪರೀಕ್ಷೆಯ ಬಿಲ್ಲು, ಯಾವುದಕ್ಕೂ ನಾವು ಒಂದಿಷ್ಟೂ ಸೇರಿಸುವುದಿಲ್ಲ. ಬಂದ ಬಿಲ್ಲನ್ನೇ ಫೋಟೊ ತೆಗೆದು ಕಳಿಸುತ್ತೇವೆ. ಮರಿಗಳಿಗೆ ಜಂತುಹುಳದ ಕಾಟ ಜಾಸ್ತಿ, ಅದಕ್ಕೇ ಪರೀಕ್ಷೆಯೂ ಜಾಸ್ತಿ. ಈ ಖರ್ಚು ಏರಿದಾಗೆಲ್ಲ ಮಾತು ಕೇಳುವವರು ನಾವು. ಅದು ನಮಗೆ ನೋವು ಕೊಡುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೇಳಿದ ದೂರು ಇನ್ನೊಂದಿದೆ: "ಮರಿ ಸೊರಗಿಹೋಗಿದೆ." ಮೂರು ತಿಂಗಳಿಗೊಮ್ಮೆ ಬರುವವರಿಗೆ ಹಾಗೆ ಕಾಣುವುದು ಸಹಜ. ನೀವು ಬಿಟ್ಟು ಹೋದಾಗ ಗುಂಡಗಿದ್ದ ಮರಿ ಈಗ ಬರೀ ಕಾಲೇ ಕಾಲು, ಹಿಂಭಾಗ ಮೇಲೆ, ಹೆಗಲು ಕೆಳಗೆ. ಆದರೆ ಅದು ಹಸಿವಲ್ಲ, ಬೆಳವಣಿಗೆ. ಎಳೆ ಕುದುರೆ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಮೊದಲು ಹಿಂಭಾಗ ಎತ್ತರವಾಗುತ್ತದೆ, ಆಮೇಲೆ ಹೆಗಲು ಬಂದು ಸೇರುತ್ತದೆ, ಮತ್ತೆ ಹಿಂಭಾಗ ಏರುತ್ತದೆ. ನಾವು ಕಣ್ಣಳತೆಯನ್ನು ನಂಬುವುದಿಲ್ಲ. ವಾರಕ್ಕೊಮ್ಮೆ ಎದೆಯ ಸುತ್ತ ಟೇಪು ಹಿಡಿದು ಬರೆದಿಡುತ್ತೇವೆ. ಪಕ್ಕೆಯ ಮೇಲೆ ಬೆರಳಾಡಿಸುತ್ತೇವೆ. ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮುಂದಿನ ಸಲ ಬಂದಾಗ ಆ ಪುಸ್ತಕ ಕೇಳಿ, ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ.

"ಹಾಗಾದರೆ ಕಾಳು ಜಾಸ್ತಿ ಕೊಡಿ" ಅನ್ನುತ್ತೀರಿ. ಕೊಡುವುದು ನಮಗೆ ಸುಲಭ, ಮರಿ ಮಿರಮಿರ ಮಿಂಚುತ್ತದೆ, ನೀವೂ ಖುಷಿಯಾಗುತ್ತೀರಿ. ಆದರೆ ಕಾಳು ಹೆಚ್ಚಾಗಿ ಮರಿ ಬೇಗ ಬೇಗ ಬೆಳೆದರೆ ಕೀಲುಗಳು ಕೆಡುವ ಅಪಾಯ ಇದೆ. ಕೆಟ್ಟ ಕೀಲು ಜೀವಮಾನವಿಡೀ ಕಾಡುತ್ತದೆ. ಹುಲ್ಲು, ಬೇಕಾದ ಖನಿಜ, ದಿನವಿಡೀ ಬಯಲು. ಇದನ್ನು ಯಾರ ಒತ್ತಾಯಕ್ಕೂ ನಾವು ಬದಲಾಯಿಸುವುದಿಲ್ಲ. ಎರಡು ವರ್ಷಕ್ಕೇ ಜೀನು ಹಾಕಿ ಅನ್ನುವವರಿಗೂ ಇದೇ ಉತ್ತರ. ಬೆನ್ನುಮೂಳೆಯ ಬೆಳವಣಿಗೆ ಮುಗಿಯುವುದು ಎಲ್ಲಕ್ಕಿಂತ ಕೊನೆಗೆ, ಐದು ವರ್ಷ ದಾಟಿದ ಮೇಲೆ. "ಸುಮ್ನೆ ಬಯಲಲ್ಲಿ ನಿಂತಿರುತ್ತೆ" ಅನ್ನಬೇಡಿ. ಅಲ್ಲಿ ಹಳೆಯ ಹೆಣ್ಣು ಕುದುರೆಯೊಂದು ಕಿವಿ ಹಿಂದಕ್ಕೆ ಮಡಚಿ ಕಲಿಸುವ ಶಿಸ್ತನ್ನು ನಮ್ಮಲ್ಲಿ ಯಾರೂ ಕಲಿಸಲಾರರು.

ದೂರದಲ್ಲಿದ್ದುಕೊಂಡು ಮರಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಸುಲಭ ಅಲ್ಲ, ನಮಗೆ ಗೊತ್ತು. ಶುಲ್ಕ ಭಾರವಾಗುವವರು ದಯವಿಟ್ಟು ಮರಿಯನ್ನು ಕರೆದೊಯ್ಯುವ ಮೊದಲು ಒಂದು ಸಲ ನಮ್ಮ ಹತ್ತಿರ ಮಾತಾಡಿ. ಒಪ್ಪಿಗೆ ಪತ್ರ ಈ ತಿಂಗಳ 25ರ ಒಳಗೆ ತಲುಪಲಿ. ಭಾನುವಾರದ ವಿಡಿಯೊ ಮೊದಲಿನ ಹಾಗೇ ಬರುತ್ತದೆ.

ಕಳೆದ ವಾರ ಬಂದ ಕಂದು ಮರಿಯ ಮನೆಯವರಿಗೆ ಒಂದು ಮಾತು: ನಾಲ್ಕು ರಾತ್ರಿ ಅದು ನಿಂತೇ ತೂಕಡಿಸಿತು. ನಿನ್ನೆ ಮೊದಲ ಸಲ ಕಾಲು ಚಾಚಿ ಅಡ್ಡ ಮಲಗಿ ನಿದ್ದೆ ಮಾಡಿತು. ಫೋಟೊ ಕಳಿಸಿದ್ದೇವೆ, ನೋಡಿ.

ಇಂತಿ,
ನಿಮ್ಮ ಲಾಯದವರು