ಬಿಳಿಯ ಹಕ್ಕಿಯನ್ನು ಕಂಡೆನೆಂದವನು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಒಳ್ಳೆಯವರನ್ನು ಕುರಿತ ಕಥೆಗಳನ್ನು ಈಗೀಗ ನಂಬಲಾಗುತ್ತಿಲ್ಲ, ಬದುಕಿನ ಬೇಗೆ ತಟ್ಟದವರಷ್ಟೇ ಅಂಥವನ್ನು ಬರೆದಾರು ಎಂದು ಕಳೆದ ಪತ್ರದಲ್ಲಿ ನೀನು ಬರೆದಿದ್ದೆ. ಆ ಮಾತು ಓದಿದಾಗಿನಿಂದ ನನಗೆ ಬಲ್ಗೇರಿಯದ ಕಥೆಗಾರ ಯೋರ್ದಾನ್ ಯೋವ್ಕೊವ್ ಮತ್ತೆ ಮತ್ತೆ ನೆನಪಾಗುತ್ತಿದ್ದಾನೆ.

ಅವನು ಹುಟ್ಟಿದ್ದು 1880ರಲ್ಲಿ, ಬಾಲ್ಕನ್ ಬೆಟ್ಟಗಳ ನಡುವಿನ ಝೆರಾವ್ನ ಎಂಬ ಹಳ್ಳಿಯಲ್ಲಿ. ಮುಂದೆ ಕುಟುಂಬವು ದೇಶದ ಈಶಾನ್ಯ ಮೂಲೆಯ ದೊಬ್ರುಜ ಎಂಬ ಬಯಲುಸೀಮೆಗೆ ವಲಸೆ ಹೋಯಿತು. ಅಲ್ಲಿನ ಹಳ್ಳಿಗಳಲ್ಲಿ ಅವನು ಹಲವು ವರ್ಷ ಶಾಲಾ ಮಾಸ್ತರನಾಗಿದ್ದ. 1912–13ರ ಬಾಲ್ಕನ್ ಯುದ್ಧಗಳಲ್ಲಿಯೂ ಮೊದಲನೆಯ ಮಹಾಯುದ್ಧದಲ್ಲಿಯೂ ಸೈನ್ಯದಲ್ಲಿದ್ದ. 1913ರಲ್ಲಿ ಬಲ್ಗೇರಿಯ ಸೋತಾಗ ಅವನು ಪಾಠ ಹೇಳಿದ ಆ ದಕ್ಷಿಣ ದೊಬ್ರುಜವೇ ರುಮೇನಿಯದ ಪಾಲಾಯಿತು. ಮಹಾಯುದ್ಧದ ನಡುವೆ ಕೆಲಕಾಲ ಕೈಗೆ ಬಂದದ್ದು ಮತ್ತೆ ಕೈಬಿಟ್ಟುಹೋಯಿತು. 1920ರಿಂದ 1927ರವರೆಗೆ ಅವನು ಹೊಟ್ಟೆಪಾಡಿಗಾಗಿ ದುಡಿದದ್ದು ಬುಖಾರೆಸ್ಟಿನ ಬಲ್ಗೇರಿಯನ್ ರಾಯಭಾರ ಕಚೇರಿಯಲ್ಲಿ. ತನ್ನ ನೆಲವನ್ನು ಕಸಿದುಕೊಂಡ ದೇಶದ ರಾಜಧಾನಿಯಲ್ಲಿ, ಸಣ್ಣ ಸಂಬಳದ ನೌಕರಿಯಲ್ಲಿ ಕುಳಿತು, ಕಳೆದುಹೋದ ಬಯಲನ್ನೂ ಹುಟ್ಟೂರಿನ ಬೆಟ್ಟವನ್ನೂ ಅವನು ಕಥೆಗಳಲ್ಲಿ ಮರಳಿ ಕಟ್ಟಿಕೊಂಡ. ಆ ಕಥೆಗಳಲ್ಲಿ ನಾನು ಎಷ್ಟು ಹುಡುಕಿದರೂ ದ್ವೇಷ ಸಿಗಲಿಲ್ಲ.

ಅವುಗಳಲ್ಲೊಂದು ಸಾಲಿ ಯಾಶರ್ ಎಂಬ ತುರ್ಕ ಗಾಡಿ ಬಡಗಿಯದು. ತುರ್ಕರ ವಿರುದ್ಧದ ಯುದ್ಧದಲ್ಲಿ ಸೈನಿಕನಾಗಿದ್ದವನು ಇದನ್ನು ಬರೆದನೆಂಬುದನ್ನು ದಯವಿಟ್ಟು ಗಮನದಲ್ಲಿಟ್ಟುಕೋ. ಸಾಲಿ ಯಾಶರ್ ಮಾಡಿದ ಗಾಡಿಗಳ ಚಕ್ರಗಳು ಹಾಡುತ್ತವೆ. ಬರುತ್ತಿರುವುದು ಯಾರ ಗಾಡಿಯೆಂದು ದೂರದಿಂದಲೇ ದನಿ ಕೇಳಿ ಹೇಳಬಹುದು. ಮುಪ್ಪಿನಲ್ಲಿ ಸಾಲಿ ಯಾಶರನಿಗೆ, ಸಾಯುವ ಮೊದಲು ಜನರಿಗಾಗಿ ಒಂದು ‘ಸೆಬಾಪ್’, ಅಂದರೆ ಪುಣ್ಯದ ಕೆಲಸ, ಮಾಡಬೇಕೆಂಬ ಹಂಬಲ ಹತ್ತುತ್ತದೆ. (ನಮ್ಮ ಮುಸ್ಲಿಮರು ‘ಸವಾಬ್’ ಎನ್ನುತ್ತಾರಲ್ಲ, ಅದೇ ಪದ, ಅರಬ್ಬಿಯಿಂದ ಒಂದು ಕವಲು ಅತ್ತ ಹೋಗಿದೆ, ಒಂದು ಇತ್ತ ಬಂದಿದೆ.) ನೀರಿನ ಕಟ್ಟೆ ಕಟ್ಟಿಸಲೇ, ಸೇತುವೆ ಕಟ್ಟಿಸಲೇ ಎಂದು ಚಿಂತಿಸಿ ಚಿಂತಿಸಿ, ಕೊನೆಗೊಂದು ದಿನ ತಾನು ಮಾಡಬೇಕಾದದ್ದು ಗಾಡಿಗಳನ್ನೇ ಎಂದು ಅವನಿಗೆ ಹೊಳೆಯುತ್ತದೆ.

ಆದರೆ ನಿನ್ನ ಮಾತಿಗೆ ನಿಜವಾದ ಉತ್ತರವಿರುವುದು ‘ತಂತಿಯ ಗುಂಟ’ ಎನ್ನಬಹುದಾದ ಇನ್ನೊಂದು ಕಥೆಯಲ್ಲಿ. ಬಡ ರೈತ ಗುಂಚೊ ಹೆಂಡತಿಯೊಡನೆ, ಕಾಯಿಲೆಯ ಮಗಳು ನೊಂಕಾಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಊರು ಬಿಟ್ಟು ಬಂದಿದ್ದಾನೆ. ಯಾವುದೋ ಹಳ್ಳಿಯಲ್ಲಿ ಬಿಳಿಯ ಸ್ವಾಲೋ ಹಕ್ಕಿಯೊಂದು ಕಾಣಿಸಿಕೊಂಡಿದೆಯಂತೆ, ಅದನ್ನು ನೋಡಿದವರ ರೋಗ ವಾಸಿಯಾಗುತ್ತದಂತೆ. ಸ್ವಾಲೋ ಎಂದರೆ ಚಳಿಗಾಲದಲ್ಲಿ ನಮ್ಮ ಕರೆಂಟಿನ ತಂತಿಗಳ ಮೇಲೂ ಸಾಲಾಗಿ ಕೂರುವ ಆ ಕವಲುಬಾಲದ ಪುಟ್ಟ ಹಕ್ಕಿಯೇ. ದಾರಿ ಕೇಳಲು ಅವರು ಮೊಕಾನಿನ ಎಂಬ ಕುರುಬನ ಬಳಿ ನಿಲ್ಲುತ್ತಾರೆ. ಬಿಳಿಯ ಸ್ವಾಲೋವನ್ನು ಅವನು ಹುಟ್ಟಿದಂದಿನಿಂದ ಕಂಡಿಲ್ಲ. ಅಂಥದ್ದು ಇರಲಾರದೆಂದೇ ಅವನ ಅನುಮಾನ. ಆದರೆ ತಾಯಿಯ ಮುಖವನ್ನೂ, ಸೊರಗಿ ಮಲಗಿರುವ ಹುಡುಗಿಯ ಕಣ್ಣುಗಳನ್ನೂ ನೋಡಿದವನು, ಅದು ಇರುವುದು ನಿಜ, ತಾನೇ ಕಣ್ಣಾರೆ ಕಂಡಿದ್ದೇನೆ, ನೀನೂ ಕಾಣುತ್ತೀಯೆ, ವಾಸಿಯಾಗುತ್ತೀಯೆ ಎಂದುಬಿಡುತ್ತಾನೆ. ಟೆಲಿಗ್ರಾಫ್ ತಂತಿಯ ಗುಂಟ ಹೋದರೆ ಊರು ಸಿಗುತ್ತದೆಂದು ದಾರಿಯನ್ನೂ ತೋರಿಸುತ್ತಾನೆ.

ಈ ಸುಳ್ಳನ್ನು ಯೋವ್ಕೊವ್ ಸಮರ್ಥಿಸುವುದಿಲ್ಲ, ಹುಡುಗಿ ಬದುಕಿದಳೆಂದು ಹೇಳಿ ನಮ್ಮನ್ನು ಸಮಾಧಾನಪಡಿಸುವುದೂ ಇಲ್ಲ. ಅವರು ಅತ್ತ ಹೋದ ಮೇಲೆ, ಈ ಲೋಕದಲ್ಲಿ ಅದೆಷ್ಟು ಸಂಕಟವಿದೆಯಪ್ಪಾ ಎಂದು ಕುರುಬ ದೇವರನ್ನು ನೆನೆದು ಮರುಗುತ್ತಾನೆ, ಅಷ್ಟೆ. ಸಂಕಟವನ್ನು ಕಾಣದೆ ಇದ್ದುದರಿಂದ ಅವನು ಒಳ್ಳೆಯವನಾದದ್ದಲ್ಲ. ಕಂಡು, ಬೇರೆ ಏನೂ ಮಾಡಲು ತೋಚದೆ, ತನ್ನ ಬಳಿ ಇದ್ದ ಒಂದು ಮಾತನ್ನು ಕೊಟ್ಟ. ಇದನ್ನು ಬದುಕಿನ ಬೇಗೆ ತಟ್ಟದವನು ಬರೆಯಬಲ್ಲನೇ, ನೀನೇ ಹೇಳು.

ಯೋವ್ಕೊವ್ 1937ರಲ್ಲಿ ಪ್ಲೊವ್ದಿವ್ ನಗರದಲ್ಲಿ ತೀರಿಕೊಂಡ. ಆಗ ಅವನಿಗೆ ಇನ್ನೂ 56. ದಕ್ಷಿಣ ದೊಬ್ರುಜ ಬಲ್ಗೇರಿಯಕ್ಕೆ ಮರಳಿದ್ದು 1940ರಲ್ಲಿ. ಅವನ ಕುಟುಂಬ ನೆಲೆಸಿದ್ದ ಹಳ್ಳಿಗೆ ಈಗ ಯೋವ್ಕೊವೊ ಎಂದೇ ಹೆಸರು.

ಕುರುಬನ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅರ್ಧ ಮುಗಿದಿದೆ, ಗಾಡಿ ಈಗಷ್ಟೇ ಅವನ ಬಳಿ ಬಂದು ನಿಂತಿದೆ. ಮುಗಿದೊಡನೆ ಮೊದಲ ಪ್ರತಿ ನಿನಗೇ ಕಳಿಸುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ